ಮೂರನೆಯ ಕಿಟಕಿಯ ಹಾಜರಿ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಲಗಿ ಎದ್ದಾಗ ನಮ್ಮ ಮನೆ ಕೆರೆಯ ದಂಡೆಗೆ ಬಂದು ನಿಂತಿತ್ತು. ಹಿಂದಿನ ವಾರ ಅಂಚೆ ಕಚೇರಿಯ ಬೆನ್ನಿಗಿತ್ತು, ಅದರ ಹಿಂದಿನ ವಾರ ಸಂತೆ ಬಯಲಿನ ಮೂಲೆಯಲ್ಲಿ. ಮುಖ ತೊಳೆದು, ಇಂಗು ಹಾಕಿದ ಮಜ್ಜಿಗೆ ಕುಡಿದು, ತಲೆ ಸುತ್ತುವುದು ಇಳಿಯುವವರೆಗೆ ಹೊಸ್ತಿಲಲ್ಲಿ ಕೂತು, ಎದುರು ಮನೆ ಯಾರದೆಂದು ನೋಡಿದೆ. ದನದ ಡಾಕ್ಟರರ ಮನೆ. ಅವರ ಹೆಂಡತಿಯೂ ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು ಹೊಸ್ತಿಲಲ್ಲಿ ಕೂತಿದ್ದರು. "ಈ ವಾರ ನಿಮ್ಮ ಎದುರಿಗೇನ್ರಿ? ಚಲೋ ಆತು," ಎಂದರು.

ನಮ್ಮೂರಿನಲ್ಲಿ ಮನೆಗಳು ವಾರಕ್ಕೊಮ್ಮೆ ಜಾಗ ಬದಲಿಸುತ್ತವೆ. ಗುಡಿ, ಮಸೀದಿ, ಬಸ್‌ಸ್ಟ್ಯಾಂಡು, ನಾನು ಪಾಠ ಮಾಡುವ ಫಾರ್ಮಸಿ ಕಾಲೇಜು ಇವೆಲ್ಲ ಇದ್ದಲ್ಲೇ ಇರುತ್ತವೆ. ಜನ ವಾಸವಿರುವ ಮನೆ ಮಾತ್ರ ಭಾನುವಾರ ಮಧ್ಯಾಹ್ನ, ಎಲ್ಲರ ಕಣ್ಣೂ ಮುಚ್ಚಿದ ಹೊತ್ತು ನೋಡಿ, ತನಗೆ ಒಪ್ಪುವ ಇನ್ನೊಂದು ಕಡೆ ಹೋಗಿ ಕೂರುತ್ತದೆ. ನಾವು ಹೊಂದಿಕೊಂಡಿದ್ದೇವೆ. ಪುರಸಭೆಯವರು ಪ್ರತಿ ಖಾಲಿ ಜಾಗದಲ್ಲೂ ಒಂದು ನಳ, ಒಂದು ಕರೆಂಟು ಕಂಬ ನಿಲ್ಲಿಸಿದ್ದಾರೆ. ಅಂಚೆಯ ಲಗಮಪ್ಪ ಸೋಮವಾರ ಪತ್ರ ಹಂಚುವುದಿಲ್ಲ; ಊರೆಲ್ಲ ಸುತ್ತಿ ಯಾರು ಎಲ್ಲಿದ್ದಾರೆಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ನೆರೆಹೊರೆಯ ಜಗಳಗಳು ಶನಿವಾರ ಸಂಜೆಗೆ ತಾವಾಗಿ ತಣ್ಣಗಾಗುತ್ತವೆ. ಹೆಣ್ಣು ನೋಡಲು ಬರುವವರು "ನಿಮ್ಮನಿ ಎಲ್ಲಿ" ಎಂದು ಕೇಳುವುದಿಲ್ಲ, "ಈ ವಾರ ಎಲ್ಲಿ" ಎಂದು ಕೇಳುತ್ತಾರೆ.

ತೊಂದರೆ ಇದ್ದದ್ದು ಕಾಲೇಜು ಮಕ್ಕಳ ಹಾಜರಿಯದು. ಈ ವಾರ ಗೇಟಿಗೆ ಅಂಟಿಕೊಂಡಂತಿದ್ದ ಹುಡುಗ ಮುಂದಿನ ವಾರ ಹೊಳೆಯಾಚೆ. ಹೀಗಿರುವಾಗ ವಿಶ್ವವಿದ್ಯಾಲಯದವರು ಬಿ.ಫಾರ್ಮ ಕೊನೆಯ ವರ್ಷಕ್ಕೆ ಹೊಸದೊಂದು ವಿಷಯ ತಂದರು: ಕಂಪ್ಯೂಟರ್ ನೆರವಿನ ಔಷಧ ವಿನ್ಯಾಸ. ಪಾಠವನ್ನು ಮಕ್ಕಳು ಮನೆಯಲ್ಲೇ ವಿಡಿಯೋದಲ್ಲಿ ನೋಡಲಿ, ಕೈಕೆಲಸಕ್ಕೆ ಮಾತ್ರ ಲ್ಯಾಬಿಗೆ ಬರಲಿ, ಎರಡನ್ನೂ ಬೆರೆಸಿ ಕಲಿಸಿ ಎಂದು ಬರೆದಿದ್ದರು. ಪ್ರಿನ್ಸಿಪಾಲ್ ಹೂಲಿ ಸರ್ ಆ ಪತ್ರವನ್ನು ಎರಡು ಸಲ ಓದಿ, "ಹಲಗತ್ತಿ ಮೇಡಂ, ಇದು ನಮ್ಮೂರಿಗೇ ಹೇಳಿ ಮಾಡಿಸಿದಂಗ ಐತಿ. ನೀವ ತಗೋರಿ," ಎಂದು ನನ್ನ ಕೈಗಿತ್ತರು. ನಾನು ದಾಕ್ಷಾಯಣಿ ಹಲಗತ್ತಿ, ಹದಿನಾರು ವರ್ಷದಿಂದ ಔಷಧ ರಸಾಯನ ಹೇಳಿಕೊಡುತ್ತಿದ್ದವಳು. ಅದುವರೆಗೆ ಕಂಪ್ಯೂಟರಿನಲ್ಲಿ ನಾನು ಮಾಡಿದ್ದೆಂದರೆ ಅಂಕಪಟ್ಟಿ. ಬೇಸಿಗೆ ರಜೆಯಿಡೀ ಕೂತು ಕಲಿತೆ. ಕಲಿಯುತ್ತ ಹುಚ್ಚೇ ಹಿಡಿಯಿತು. ರೋಗ ಹುಟ್ಟಿಸುವ ದೊಡ್ಡದೊಂದು ಪ್ರೋಟೀನು ತೆರೆಯ ಮೇಲೆ ಹೂಕೋಸಿನ ಹಾಗೆ ತಿರುಗುತ್ತಿರುತ್ತದೆ. ಅದರ ಮೈಯಲ್ಲೊಂದು ಗೂಡು. ಆ ಗೂಡಿನಲ್ಲಿ ಯಾವ ಸಣ್ಣ ಅಣು ಹೋಗಿ ಸರಿಯಾಗಿ ಕೂರುತ್ತದೋ ಅದು ಮುಂದೆ ಔಷಧಿ ಆದರೂ ಆಗಬಹುದು. ಕಂಪ್ಯೂಟರು ಸಾವಿರಾರು ಅಣುಗಳನ್ನು ಒಂದೊಂದಾಗಿ ಆ ಗೂಡಿನಲ್ಲಿ ಕೂರಿಸಿ, ತಿರುಗಿಸಿ, ಮಗುಚಿ, ಇಷ್ಟು ಅಂಕ ಎಂದು ಹೇಳುತ್ತದೆ. ಇದಕ್ಕೆ ಡಾಕಿಂಗ್ ಎನ್ನುತ್ತಾರೆ.

ವಿಡಿಯೋಗಳನ್ನು ನಾನು ಅಡಿಗೆಮನೆಯಲ್ಲೇ ಮಾಡುತ್ತಿದ್ದೆ, ಸಿಗ್ನಲ್ ಅಲ್ಲೇ ಚೆನ್ನಾಗಿ ಸಿಗುತ್ತಿತ್ತು. ಹಿಂದೆ ಕುಕ್ಕರು ಕೂಗುತ್ತಿತ್ತು. ಮಕ್ಕಳು ಗ್ರೂಪಿನಲ್ಲಿ ಪ್ರಶ್ನೆ ಕೇಳುವಾಗ "ಮೇಡಂ, ಎರಡನೇ ಸೀಟಿ ಆದ ಮ್ಯಾಲೆ ನೀವು ಹೇಳಿದ್ದು ತಿಳೀಲಿಲ್ರಿ" ಎಂದು ಬರೆಯುತ್ತಿದ್ದರು. ಮೂವತ್ತೊಂದು ಮಂದಿ ಇದ್ದರು. ನಿಂಗರಾಜ ಎಂಬವನು ಎಲ್ಲ ವಿಡಿಯೋಗಳನ್ನೂ ದುಪ್ಪಟ್ಟು ವೇಗದಲ್ಲಿ ನೋಡಿ, ನಾನು ಲ್ಯಾಬಿನಲ್ಲಿ ಎದುರಿಗೆ ನಿಂತು ಮಾತಾಡಿದರೆ "ಮೇಡಂ ಯಾಕೋ ಇವತ್ತ ಮೈಯಾಗ ಆರಾಮಿಲ್ಲೇನ್ರಿ, ಭಾಳ ಸಾವಕಾಶ ಮಾತಾಡಾಕತ್ತೀರಿ" ಎನ್ನುತ್ತಿದ್ದ. ಎಲ್ಲರನ್ನೂ ಕಾಡಿದ್ದು ಒಂದೇ ವಿಷಯ. ಡಾಕಿಂಗಿನ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಮೈನಸ್ ಐದಕ್ಕಿಂತ ಮೈನಸ್ ಒಂಬತ್ತು ಮೇಲು. ಹುಟ್ಟಿದಾಗಿನಿಂದ ಹೆಚ್ಚು ಅಂಕ ತಾ ಎಂದು ಬೈಸಿಕೊಂಡ ಮಕ್ಕಳಿಗೆ ಇದು ಗಂಟಲಲ್ಲಿ ಇಳಿಯಲೇ ಇಲ್ಲ.

ಅದನ್ನು ಇಳಿಸಿದವಳು ಮೆಹಜಬೀನ್. ಹದಿನೇಳನೇ ನಂಬರು. ಬೇಕರಿಯ ಖಾಜಾಸಾಬರ ಮಗಳು. ಬೇಕರಿಯೂ ಮನೆಯೂ ಒಂದೇ ಕಟ್ಟಡ, ಹಾಗಾಗಿ ಬೇಕರಿಯೂ ಭಾನುವಾರ ಹೊರಡುತ್ತಿತ್ತು. ಅವಳು ಗ್ರೂಪಿನಲ್ಲಿ ಬರೆದಳು: "ನಮ್ಮ ಮನಿ ಎಲ್ಲೆ ಕುಂತ್ರ ಅದಕ್ಕ ಭಾಳ ನೆಮ್ಮದಿಯೋ ಅಲ್ಲೇ ಕೂಡ್ತೈತಿ. ಅಣೂನೂ ಹಂಗ. ಹೊರಗ ಒದ್ದಾಡೂದು ಹೆಚ್ಚು, ಗೂಡಿನ್ಯಾಗ ಒದ್ದಾಡೂದು ಕಡಿಮಿ. ಎಷ್ಟು ಕಡಿಮಿ ಒದ್ದಾಟ, ಅಷ್ಟು ಮೈನಸ್." ಮೂವತ್ತು ಮಂದಿಯೂ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ನಾನು ಅಡಿಗೆಮನೆಯಲ್ಲಿ ಕುಕ್ಕರು ಎಷ್ಟು ಸಲ ಕೂಗಿತೆಂಬುದನ್ನು ಮರೆತು ಅದನ್ನೇ ಓದುತ್ತ ನಿಂತೆ. ಅನ್ನ ತಳ ಹಿಡಿಯಿತು.

ಇಷ್ಟು ತಿಳಿದ ಹುಡುಗಿ ಒಮ್ಮೆಯೂ ಲ್ಯಾಬಿಗೆ ಬಂದಿರಲಿಲ್ಲ. ಆ ವರ್ಷ ಬೇಕರಿ ಹೊಳೆಯಾಚೆಗೆ ಹೋಗಿ ಕೂತದ್ದು, ವಾರ ವಾರವೂ ಅಲ್ಲೇ ಹತ್ತು ಮಾರು ಅತ್ತ, ಹತ್ತು ಮಾರು ಇತ್ತ ಸರಿಯುತ್ತಿತ್ತೇ ಹೊರತು ಈಚೆ ದಡಕ್ಕೆ ಬರುತ್ತಿರಲಿಲ್ಲ. ಮೊದಲಾದರೆ ಕಾಲೇಜಿಗೆ ದೋಣಿಯಲ್ಲಿ ಬರುತ್ತಿದ್ದಳು. ಈ ಪಾಠ ಶುರುವಾಗುವ ಮೊದಲೇ, ಯುಗಾದಿಯ ಹೊತ್ತಿಗೆ, ಖಾಜಾಸಾಬರು ಲಕ್ವ ಹೊಡೆದು, ಬಲಗೈ ಬಿದ್ದು, ಮಂಚ ಹಿಡಿದರು. ತಾಯಿ ಹಸೀನಾಬಿ ಹಿಟ್ಟು ನಾದಿ ವ್ಯಾಪಾರ ನೋಡಿಕೊಂಡರೆ ಭಟ್ಟಿಯ ಮುಂದೆ ಮಗಳೇ ನಿಲ್ಲಬೇಕು. ಭಟ್ಟಿ ಬಿಟ್ಟು ಅರ್ಧ ಗಂಟೆ ಹೋಗುವಂತಿರಲಿಲ್ಲ. ಒಂದು ದಿನ ನಿಂಗರಾಜ ದೊಡ್ಡ ಮನಸ್ಸು ಮಾಡಿ, "ನೀ ಲ್ಯಾಬಿಗೆ ಹೋಗಬೇ, ನಾ ನೋಡ್ಕೋತೀನಿ," ಎಂದು ದೋಣಿ ಹತ್ತಿ ಹೋಗಿ ಭಟ್ಟಿಯ ಮುಂದೆ ನಿಂತ. ಅವಳು ದೋಣಿ ಏರುವ ಮೊದಲೇ ಹೊಗೆ ಕಂಡು ತಿರುಗಿ ಓಡಿದಳು. ಎರಡು ತಟ್ಟೆ ಪಾವು, ನಿಂಗರಾಜನ ಎರಡೂ ಹುಬ್ಬು ಹೋಗಿದ್ದವು. ಖಾಜಾಸಾಬರು ಮಲಗಿದಲ್ಲಿಂದಲೇ ಅವನಿಗೆ ಚಹಾ ಕೊಡಿಸಿ, "ನಿನ್ನ ಮನಸ್ಸು ದೊಡ್ಡದಪಾ. ಇನ್ನೊಮ್ಮೆ ಬರಬ್ಯಾಡ," ಎಂದರಂತೆ.

ಪರೀಕ್ಷೆಗೆ ಮೂರು ವಾರ ಇರುವಾಗ ವಿಶ್ವವಿದ್ಯಾಲಯದಿಂದ ಇನ್ನೊಂದು ಪತ್ರ ಬಂತು. ಪಾಠ ಮನೆಯಲ್ಲಿ ನೋಡಿದರೂ ಸರಿ, ಐದು ಪ್ರಾಯೋಗಿಕ ತರಗತಿಗೆ ವಿದ್ಯಾರ್ಥಿ ಖುದ್ದು ಹಾಜರಿರಬೇಕು, ಪರೀಕ್ಷೆಗೂ ಖುದ್ದು ಇರಬೇಕು, ಇಲ್ಲವಾದರೆ ಆ ವರ್ಷವೇ ಹೋಯಿತು. ನಾನು ಪತ್ರ ಹಿಡಿದು ಹೂಲಿ ಸರ್ ಹತ್ತಿರ ಹೋದೆ.

"ಸರ್, ಹದಿನೇಳನೇ ನಂಬರಿಂದು ಸೊನ್ನಿ ಐತಿ. ಆಕಿ ಎಲ್ಲಾರಕಿಂತ ಶ್ಯಾಣ್ಯಾಕಿ."

"ನನಗೂ ಗೊತ್ತೈತ್ರಿ. ಸುಳ್ಳು ಹಾಜರಿ ಹಾಕಂತ ಮಾತ್ರ ಅನಬ್ಯಾಡ್ರಿ."

"ಅನ್ನೂದಿಲ್ರಿ."

"ಮತ್ತೇನ್ ಮಾಡ್ತೀರಿ?"

ದೋಣಿ ಹತ್ತಿ ಬೇಕರಿಗೆ ಹೋದೆ. ಮೈದಾ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ನನ್ನದೇ ದನಿ ಮಾತಾಡುತ್ತಿತ್ತು. ತೆರೆಯ ಮೇಲೆ ಹಿಟ್ಟು ಕೂತು ನನ್ನ ಪ್ರೋಟೀನು ಮಂಜಿನಲ್ಲಿ ತಿರುಗುತ್ತಿತ್ತು. ಮೆಹಜಬೀನ್ ಉದ್ದ ಹಿಡಿಕೆಯ ಹಲಗೆಯಿಂದ ತಟ್ಟೆ ಎಳೆಯುತ್ತ, ತಿರುಗಿ ನೋಡದೆಯೇ, "ಮೂರನೇ ಸೀಟಿ ಆಗಲ್ರಿ ಅವ್ವಾ, ಆಮ್ಯಾಲೆ ಬಂದ್ ಮಾಡ್ರಿ," ಎಂದಳು. ಹಿಂದೆ ನಿಂತಿದ್ದವಳು ನಾನು. ಪತ್ರದ ವಿಷಯ ಹೇಳಿದೆ. ಅವಳು ಕೈಯೊರೆಸಿಕೊಂಡು ಪಾವಿನ ತಟ್ಟೆಯ ಪಕ್ಕ ಕೂತಳು. ಅಳಲಿಲ್ಲ. "ಮುಂದಿನ ವರ್ಷ ಬರೀತೀನ್ರಿ," ಎಂದಳು. ಮೂಲೆಯ ಮಂಚದ ಮೇಲಿದ್ದ ಖಾಜಾಸಾಬರು ಗೋಡೆಗೆ ಮುಖ ತಿರುಗಿಸಿದರು. ಮುಂದಿನ ವರ್ಷವೂ ಭಟ್ಟಿ ಹೀಗೇ ಇರುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ನಾನು ಎದ್ದಾಗ ಅವಳೇ ಕೇಳಿದಳು.

"ಮೇಡಂ, ಅಣೂಗೆ ಗೂಡು ಹುಡುಕ್ತೀವಿ. ಗೂಡಿಗೆ ಅಣೂ ಹುಡುಕ್ತೀವಿ. ಕಾಲೇಜಿನ ಹಿಂದ ಖಾಲಿ ಜಾಗ ಐತೆಲ್ರಿ, ಲ್ಯಾಬಿನ ಬೆನ್ನಿಗೆ. ಅಲ್ಲೆ ಯಾವ ಮನಿ ಬಂದು ಕೂಡ್ತೈತಿ ಅಂತ ನೋಡಾಕ ಬರೂದಿಲ್ಲೇನು?"

ದೋಣಿಯಲ್ಲಿ ವಾಪಸಾಗುವಾಗ ನನಗೆ ಭಾನುವಾರ ಸಂಜೆಯ ಹಾಗೆ ತಲೆ ಸುತ್ತುತ್ತಿತ್ತು. ಆದರೆ ಅಂದು ಬುಧವಾರ.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ, ಬೇಕರಿಯೇ ನಮ್ಮ ಬೆನ್ನಿಗೆ ಬಂದು ಕೂರುವಂತೆ ಮಾಡುವ ವಿಷಯ ತೆಗೆದೆ. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಹೇಳಿ ಕಳಿಸಿದೊಡನೆ ಅಂಚೆಯ ಲಗಮಪ್ಪ ಹನ್ನೊಂದು ವರ್ಷದ ಸೋಮವಾರದ ಚೀಟಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದು ಲ್ಯಾಬಿನ ಮೇಜಿನ ಮೇಲೆ ಸುರಿದರು. ಯಾವ ಮನೆ ಯಾವ ವಾರ ಎಲ್ಲಿತ್ತು, ಅದರ ಬಾಗಿಲು ಯಾವ ದಿಕ್ಕಿಗೆ, ಹೊಗೆಗೂಡು ಇದೆಯೋ, ಎಮ್ಮೆ ಇದೆಯೋ, ಅತ್ತೆ ಸೊಸೆ ಮಾತಾಡುತ್ತಾರೋ ಇಲ್ಲವೋ, ಎಲ್ಲವನ್ನೂ ಮಕ್ಕಳು ಕಂಪ್ಯೂಟರಿಗೆ ಹಾಕಿದರು. ನಡುನಡುವೆ ಪಠ್ಯದ ಅಣುಗಳ ಕೆಲಸವನ್ನೂ ಮಾಡಿಸಿದೆ. ಎರಡರ ನಡುವೆ ಯಾವುದು ಯಾವುದೆಂದು ಒಬ್ಬೊಬ್ಬರಿಗೆ ಗೊಂದಲವಾಗಿ, ಒಬ್ಬ ಹುಡುಗಿ ತನ್ನ ವರದಿಯಲ್ಲಿ 'ಈ ಅಣುವಿಗೆ ಪೂರ್ವ ದಿಕ್ಕಿನ ಬಾಗಿಲಿದೆ' ಎಂದು ಬರೆದಳು. ಹೊಗೆಗೂಡಿನ ಮನೆಗಳು ನೀರಿಗೂ ಪಡುವಣ ಗಾಳಿಗೂ ಒಲಿಯುತ್ತವೆ, ಜನರೇಟರು ಕಂಡರೆ ದೂರ ಸರಿಯುತ್ತವೆ ಎಂದು ತಿಳಿಯಿತು. ಲ್ಯಾಬಿನ ಹಿಂದಿದ್ದ ಮುರುಕು ಕುರ್ಚಿಗಳನ್ನು ಎತ್ತಿದೆವು. ಜನರೇಟರನ್ನು ಹೂಲಿ ಸರ್ ಕೊಠಡಿಯ ಕಡೆಗೆ ಜರುಗಿಸಿದೆವು. ಕೆಟ್ಟಿದ್ದ ನಳ ರಿಪೇರಿ ಮಾಡಿಸಿದೆವು. ಶನಿವಾರ ಕಂಪ್ಯೂಟರು ಊರಿನ ಎಲ್ಲ ಮನೆಗಳನ್ನೂ ಆ ಜಾಗದಲ್ಲಿ ಒಂದೊಂದಾಗಿ ಕೂರಿಸಿ ನೋಡಿ ಪಟ್ಟಿ ಕೊಟ್ಟಿತು. ಬೇಕರಿ ಎರಡನೆಯದು, ಮೈನಸ್ ಒಂಬತ್ತು ಪಾಯಿಂಟ್ ಒಂದು. ಮೊದಲನೆಯದು ಬ್ಯಾಂಡಿನ ಪರಸಪ್ಪ ಭಜಂತ್ರಿಯವರ ಮನೆ, ಮೈನಸ್ ಒಂಬತ್ತು ಪಾಯಿಂಟ್ ನಾಲ್ಕು.

"ಅಂಥಾ ಫರಕೇನಿಲ್ಲ ಬಿಡ್ರಿ," ಎಂದ ನಿಂಗರಾಜ. ಅವನ ಹುಬ್ಬುಗಳಾಗಲೇ ಚಿಗುರುತ್ತಿದ್ದವು.

ಭಾನುವಾರ ಸಂಜೆ ನಾನು ಮಜ್ಜಿಗೆಯನ್ನೂ ಕುಡಿಯದೆ ಕಾಲೇಜಿಗೆ ಓಡಿದೆ. ದೂರದಿಂದಲೇ ಕ್ಲಾರಿನೆಟ್ ಕೇಳಿಸಿತು. ಲ್ಯಾಬಿನ ಹಿಂದೆ ಪರಸಪ್ಪನವರ ಮನೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತ್ತು. ಅವರು ಕಟ್ಟೆಯ ಮೇಲೆ ಕೂತು ನುಡಿಸುತ್ತಿದ್ದರು. ನನ್ನನ್ನು ಕಂಡು ವಾದ್ಯ ಇಳಿಸಿ, "ಏನ್ ಜಾಗ ಅದರಿ ಮೇಡಂ ಇದು. ಈ ಗ್ವಾಡಿಗೆ ಊದಿದ್ರ ದನಿ ಎರಡಾಗಿ ವಾಪಸ್ ಬರ್ತೈತಿ," ಎಂದರು.

ಆ ವಾರ ಲ್ಯಾಬಿನ ಬೆನ್ನಿಗೇ ಬೆಳಿಗ್ಗೆ ಹತ್ತಕ್ಕೆ ಒಂಬತ್ತು ಮಂದಿಯ ಬ್ಯಾಂಡು ತಾಲೀಮು. ಮದುವೆಯ ಕಾಲ, ಅವರಿಗೂ ಪುರುಸೊತ್ತಿಲ್ಲ. ಮಕ್ಕಳು ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಮೌಸ್ ಒತ್ತಲು ಕಲಿತರು. ಅಣುಗಳು ತಾಳಕ್ಕೆ ತಿರುಗುತ್ತಿದ್ದವು. ಮನೆಯಲ್ಲಿ ಕೂತು ವಿಡಿಯೋ ಕರೆಯಲ್ಲಿ ಸೇರಿದ್ದವರು, "ಮೇಡಂ, ಯಾರದ್ರಿ ಮದಿವಿ?" ಎಂದು ಕೇಳಿದರು. ಹೂಲಿ ಸರ್ ಒಂದು ಕಡೆ ಜನರೇಟರು, ಇನ್ನೊಂದು ಕಡೆ ಬ್ಯಾಂಡು, ನಡುವೆ ಕೂತು ಸಹಿ ಹಾಕುತ್ತ ನನ್ನನ್ನು ಕರೆಸಿ ಏನನ್ನೋ ಗಟ್ಟಿಯಾಗಿ ಹೇಳಿದರು. ಕೇಳಿಸಲಿಲ್ಲ. ನಾನು "ಆಗಲಿ ಸರ್" ಎಂದು ಬಂದೆ.

ನಗುವೆಲ್ಲ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಕೇಳಿದೆ, ನಾವು ತಪ್ಪಿದ್ದೆಲ್ಲಿ? ಕಂಪ್ಯೂಟರಿನ ಪಟ್ಟಿಯಲ್ಲಿ ಮೊದಲಿಗೆ ಬಂದದ್ದೆಲ್ಲ ಔಷಧಿಯಾಗುವುದಿಲ್ಲ ಎಂದು ನಾನು ಆರನೆಯ ವಿಡಿಯೋದಲ್ಲಿ ಹೇಳಿದ್ದೆ. ಪಟ್ಟಿಯಲ್ಲಿ ಬೇಡದ್ದೂ ಮೇಲೆ ಬರುತ್ತದೆ, ಅದನ್ನು ಹೊರಗಿಡಲು ನಿಜವಾದ ಪ್ರಯೋಗದ ಕೊಳವೆಯಲ್ಲಿ ಹಾಕಿ ನೋಡಬೇಕು, ನೋಡಿ ಮತ್ತೆ ಲೆಕ್ಕ ತಿದ್ದಬೇಕು. ಅದನ್ನು ಅವರು ಬರೆದುಕೊಂಡಿದ್ದರು. ಈಗ ಕಿವಿಯಿಂದ ಕಲಿತರು. ಪರಸಪ್ಪನವರನ್ನು ಎಳೆದು ತಂದದ್ದು ಗೋಡೆಯ ಮಾರ್ದನಿ. ಹಾಸ್ಟೆಲಿನ ಹಳೇ ಗಾದಿಗಳನ್ನೆಲ್ಲ ಹೊತ್ತು ತಂದು ಲ್ಯಾಬಿನ ಹಿಂಗೋಡೆಗೆ ತೂಗುಹಾಕಿದೆವು. ಪರಸಪ್ಪನವರು ಕ್ಲಾರಿನೆಟ್ ಊದಿ ನೋಡಿ, "ಸತ್ತೇ ಹೋತು ದನಿ," ಎಂದು ಬೇಸರಿಸಿದರು. ಆದರೆ ಕಾರಣ ಕೇಳಿದ ಮೇಲೆ ತಾವೇ ಇನ್ನೆರಡು ಗಾದಿ ಕೊಟ್ಟರು.

ಮೆಹಜಬೀನಳಿಗೆ ಗ್ರೂಪಿನಲ್ಲಿ ಎಲ್ಲ ತಿಳಿಸಿದೆವು. ಅವಳು ದನಿಯ ಸಂದೇಶ ಕಳಿಸಿದಳು. ಹಿಂದೆ ಭಟ್ಟಿಯ ಬಾಗಿಲು ಕಿರುಗುಡುತ್ತಿತ್ತು. "ನೀವು ಬಾಗಲಾ, ಗಾಳಿ, ನೀರು ಎಲ್ಲಾ ನೋಡೀರಿ. ಒಳಗ ಇರೋರ್ನ ನೋಡಿಲ್ಲ. ಮನಿ ಏನು ಕಲ್ಲಲ್ಲ, ಒಳಗಿನ ಮಂದಿ ಹೆಂಗ ಬಾಗ್ತಾರ ಹಂಗ ಅದೂ ಬಾಗ್ತೈತಿ. ನಮ್ಮಪ್ಪಗ ಹಸದಾರು ಬೇಕ್ರಿ. ಹೊಳಿ ಆಚೆ ಇಟ್ಟಂಗಿ ಭಟ್ಟಿ ಕೆಲಸದಾರು ನಸುಕಿನ್ಯಾಗ ಬರೇ ಹೊಟ್ಟೀಲೆ ಬರ್ತಾರ. ನಮ್ಮಪ್ಪ ಮಲಗಿದಲ್ಲಿಂದನ ಅವರು ತಿನ್ನೂದು ನೋಡಿ ಖುಷಿ ಪಡ್ತಾನ. ಅದಕ್ಕ ನಮ್ಮನಿ ಅಲ್ಲಿಂದ ಏಳವಲ್ದು."

ಸಂದೇಶವನ್ನು ಇನ್ನೊಮ್ಮೆ ಹಾಕಿ ಕೇಳಿದೆವು. ನಿಂಗರಾಜ ಎದ್ದು ನಿಂತು, "ಅಂದ್ರ ನಾವು ಹಸೀಬೇಕು," ಎಂದ.

ಹಸಿದೆವು. ಶುಕ್ರವಾರ, ಶನಿವಾರ ಎಲ್ಲರೂ ಬೆಳಿಗ್ಗೆ ಏನೂ ತಿನ್ನದೆ ಏಳು ಗಂಟೆಗೆ ಲ್ಯಾಬಿಗೆ ಬಂದರು. ಹೊಟ್ಟೆಗಳು ಒಂದಾದ ಮೇಲೊಂದು ಗುರುಗುಟ್ಟಿದಾಗ ನಗು, ನಕ್ಕರೆ ಇನ್ನಷ್ಟು ಹಸಿವು. ದೂರವಿದ್ದವರೂ ಹಟ ಹಿಡಿದು ಬಂದಿದ್ದರು. ಭಾನುವಾರವಂತೂ ಊರೆಲ್ಲ ಹೋಳಿಗೆಯೋ ಬಿರಿಯಾನಿಯೋ ಉಂಡು ಮಲಗುವ ಹೊತ್ತಿಗೆ ಮೂವತ್ತು ಮಕ್ಕಳು, ನಾನು, ಕೊನೆಗೆ ಮನಸ್ಸು ತಡೆಯದೆ ಬಂದ ಹೂಲಿ ಸರ್, ಎಲ್ಲರೂ ಬರಿ ಹೊಟ್ಟೆಯಲ್ಲಿ ಲ್ಯಾಬಿನ ಕಂಪ್ಯೂಟರುಗಳ ಮುಂದೆ ಕೂತೆವು. ಹೂಲಿ ಸರ್ ಐದು ನಿಮಿಷಕ್ಕೊಮ್ಮೆ, "ನನ್ನ ಸಕ್ಕರಿ ಕಾಯಿಲೆ ಸಲುವಾಗಿ ಒಂದು ಬಿಸ್ಕೀಟು ನಡೀತೈತೇನ್ರಿ?" ಎನ್ನುತ್ತಿದ್ದರು. ಒಂದು ಬಿಸ್ಕೀಟು ಕೊಟ್ಟೆವು. ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದ ನನಗೆ ಪರಸಪ್ಪನವರ ಮನೆ ಯಾವಾಗ ಎದ್ದಿತೋ ತಿಳಿಯದು. ನಮ್ಮೂರಿನಲ್ಲಿ ಆ ಹೊತ್ತಿಗೆ ಎಚ್ಚರ ಇದ್ದವರು ಇದುವರೆಗೆ ಯಾರೂ ಇಲ್ಲ. ಕೀಲಿಮಣೆಗಳ ಮೇಲೆ ತಲೆಯಿಟ್ಟು ಎಲ್ಲರೂ ಮಲಗಿಬಿಟ್ಟಿದ್ದೆವು.

ಎಬ್ಬಿಸಿದ್ದು ವಾಸನೆ. ಬಿಸಿ ಪಾವು, ಬೆಣ್ಣೆ, ಏಲಕ್ಕಿ. ಮೂವತ್ತೆರಡು ತಲೆಗಳು ಒಟ್ಟಿಗೆ ಎದ್ದವು. ಕೆನ್ನೆಗಳ ಮೇಲೆ ಅಕ್ಷರಗಳ ಚೌಕ ಮೂಡಿತ್ತು. ಮೂರನೆಯ ಕಿಟಕಿಯ ಹೊರಗೆ, ಒಂದು ತೋಳು ದೂರದಲ್ಲಿ, ಇನ್ನೊಂದು ಕಿಟಕಿ. ಅದರ ಕಬ್ಬಿಣದ ಸರಳುಗಳ ಹಿಂದೆ ಮೆಹಜಬೀನ್, ಕಣ್ಣು ಉಜ್ಜಿಕೊಳ್ಳುತ್ತ, ನಮ್ಮನ್ನು ನೋಡುತ್ತ.

"ಮೇಡಂ," ಎಂದಳು. ಆಮೇಲೆ ನಗಲು ಶುರು ಮಾಡಿದವಳು ಸರಳು ಹಿಡಿದುಕೊಂಡೇ ಕೆಳಗೆ ಕೂತುಬಿಟ್ಟಳು. ಇತ್ತ ಕಡೆಯಿಂದ ಯಾರೋ ಕುಣಿಯತೊಡಗಿದರು. ಹೂಲಿ ಸರ್ ಕಿಟಕಿಯಿಂದ ಕೈ ಚಾಚಿ ಮೊದಲ ಪಾವು ಇಸಿದುಕೊಂಡರು.

ತಪ್ಪೊಂದು ಉಳಿದಿತ್ತು. ಮನೆ ಬಂದದ್ದು ಬೆನ್ನು ಮಾಡಿಕೊಂಡು. ಮುಂಬಾಗಿಲು ಹೋಗಿ ಕಂಪೌಂಡಿನ ಗೋಡೆಗೆ ಮುಖ ಕೊಟ್ಟಿತ್ತು. ನಡುವೆ ಒಂದು ಗೇಣು. ಬೆಕ್ಕು ಹೊರಬರಬಹುದಿತ್ತು, ಮನುಷ್ಯರಲ್ಲ. ಜಾಗ ಸರಿ, ಕೂತ ಭಂಗಿ ತಪ್ಪು. ಡಾಕಿಂಗಿನಲ್ಲಿ ಇದೂ ಆಗುತ್ತದೆ, ಏಳನೆಯ ವಿಡಿಯೋದಲ್ಲಿದೆ. ಮೂವರೂ ಆ ವಾರವಿಡೀ ಒಳಗೇ. ತರಕಾರಿ, ಔಷಧಿ, ಮೈದಾ ಎಲ್ಲ ಸರಳುಗಳ ನಡುವಿನಿಂದ ಹೋಯಿತು. ಪಾವು, ಖಾರಿ, ನಾನಖಟಾಯಿ ಸರಳುಗಳ ನಡುವಿನಿಂದ ಬಂತು. ಊರಿನವರು ಬೇಕರಿಗೆ ಬರಬೇಕೆಂದರೆ ಲ್ಯಾಬಿನೊಳಗೆ ಬಂದೇ ಬರಬೇಕಾಯಿತು. ಚೀಲ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ತೆರೆಯ ಮೇಲಿನ ಪ್ರೋಟೀನು ನೋಡಿ, "ಇದೇನವಾ, ಎಳಿ ಬಿಚ್ಚಿದ ಶ್ಯಾವಿಗಿ ಉಂಡಿ ಇದ್ದಂಗ ಐತಿ," ಎನ್ನುತ್ತಿದ್ದರು. ಮಕ್ಕಳು ಅವರಿಗೂ ವಿವರಿಸುತ್ತಿದ್ದರು. ಮಂಚವನ್ನು ಕಿಟಕಿಯ ಬದಿಗೆ ಎಳೆಸಿಕೊಂಡು ಖಾಜಾಸಾಬರು ಮೂವತ್ತು ಮಕ್ಕಳು ತಿನ್ನುವುದನ್ನು ನೋಡುತ್ತ ಮಲಗಿರುತ್ತಿದ್ದರು.

ಮೆಹಜಬೀನಳ ಐದು ಪ್ರಾಯೋಗಿಕ ತರಗತಿ ಸೋಮವಾರದಿಂದ ಶುಕ್ರವಾರದವರೆಗೆ ನಡೆದವು. ಲ್ಯಾಬಿನ ಕಿಟಕಿಯ ಕಟ್ಟೆಯ ಮೇಲೆ ಕೀಲಿಮಣೆ, ಮೌಸು. ತೆರೆಯನ್ನು ಅವಳ ಕಡೆಗೆ ತಿರುಗಿಸಿ ಸ್ಟೂಲಿನ ಮೇಲಿಟ್ಟೆವು. ಅವಳು ಸರಳುಗಳ ನಡುವಿನಿಂದ ಎರಡೂ ಕೈ ಹೊರಚಾಚಿ ಕೆಲಸ ಮಾಡುತ್ತಿದ್ದಳು, ಕಾಲು ಗಂಟೆಗೊಮ್ಮೆ ಕೈಗಳು ಮಾಯವಾಗಿ ಭಟ್ಟಿಯ ಬಾಗಿಲು ಕಿರುಗುಟ್ಟಿ ಮತ್ತೆ ಬರುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಏನು ಬರೆಯಲಿ ಎಂದು ಹೂಲಿ ಸರ್‌ರನ್ನು ಕೇಳಿದೆ. ಅವರು ಖಾರಿ ಅಗಿಯುತ್ತ, "ಪೆನ್ಸಿಲ್‌ಲೇ ಬರೀರಿ. ಶನಿವಾರ ಪರೀಕ್ಷಕರು ನೋಡ್ಲಿ," ಎಂದರು.

ಪರೀಕ್ಷಕ ಡಾ. ಚಿಕ್ಕರಂಗಯ್ಯ ಬಹಳ ದೂರದಿಂದ ಬಂದವರು, ಮನೆಗಳು ನಿಂತಲ್ಲೇ ನಿಂತಿರುವ ಊರಿನವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ದಪ್ಪ ಮೀಸೆ, ಕಡಿಮೆ ಮಾತು. ಹದಿನಾರು ಮಂದಿಯನ್ನು ಮುಗಿಸಿ, "ಹದಿನೇಳು," ಎಂದರು. ಮೂರನೆಯ ಕಿಟಕಿಯಲ್ಲಿ ಎರಡು ಕೈ ಮೇಲೆದ್ದವು.

ಅವರು ಅಲ್ಲಿಗೆ ನಡೆದು ಹೋಗಿ, ಕನ್ನಡಕ ಸರಿಮಾಡಿಕೊಂಡು, ಒಳಗೆ ಬಗ್ಗಿ ನೋಡಿದರು. "ಏನಮ್ಮ, ನೀನೀಗ ಎಲ್ಲಿದ್ದೀಯ?"

"ನಾ ಮನ್ಯಾಗ ಅದೀನ್ರಿ ಸರ. ಕೈ ಎರಡೂ ಕಾಲೇಜಿನ್ಯಾಗ ಅದಾವ."

"ಹೊರಗೆ ಬರೋದಕ್ಕಾಗಲ್ವ?"

"ಈ ವಾರ ಆಗೂದಿಲ್ರಿ."

ಅವರು ನನ್ನ ಕಡೆ ತಿರುಗಿದರು. ನಾನು ಪೆನ್ಸಿಲಿನಲ್ಲಿ ಬರೆದ ಹಾಜರಿ ಪುಸ್ತಕವನ್ನು ಅವರ ಮುಂದೆ ಚಾಚಿದೆ. ಹೂಲಿ ಸರ್ ಸೂರು ನೋಡುತ್ತಿದ್ದರು. ಪರೀಕ್ಷಕರು ನಮೂನೆಯ ಹಾಳೆ ತೋರಿಸಿ, "ಇಲ್ಲಿ ಎರಡೇ ಕಲಂ ಇದೆ. ಒಂದು ಖುದ್ದು, ಇನ್ನೊಂದು ದೂರದಿಂದ. ದೂರದಿಂದ ಅಂತ ಹಾಕಿದರೆ ನಾನು ಪ್ರಶ್ನೆ ಕೇಳೋ ಹಾಗೇ ಇಲ್ಲ," ಎಂದರು. ಅವರು ಬಹಳ ಹೊತ್ತು ಆ ಕೈಗಳನ್ನೇ ನೋಡಿ, ಯಾವ ಗುರುತೂ ಹಾಕದೆ ಹಾಳೆಯನ್ನು ಹಾಗೇ ಮಡಚಿಟ್ಟು, "ಮೊದಲು ಕೆಲಸ ನೋಡೋಣ. ಶುರು ಮಾಡು," ಎಂದರು.

ಕೈಗಳು ಶುರುಮಾಡಿದವು. ಪ್ರೋಟೀನನ್ನು ತೆರೆದು, ಬೇಡದ ನೀರನ್ನು ತೆಗೆದು, ಗೂಡಿನ ಸುತ್ತ ಚೌಕ ಹಾಕಿ, ನಲವತ್ತು ಅಣುಗಳನ್ನು ಕೂರಿಸಿದವು. ಪಟ್ಟಿ ಬಂದಾಗ ಮೆಹಜಬೀನ್ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಆರಿಸಿದಳು.

"ಯಾಕೆ? ಮೊದಲನೆಯದಕ್ಕೆ ಅಂಕ ಚೆನ್ನಾಗಿದೆಯಲ್ಲ," ಎಂದರು ಪರೀಕ್ಷಕರು.

"ಅಂಕ ಚಲೋ ಐತ್ರಿ. ಆದ್ರ ಅದು ಗೂಡಿನ ಬಾಯಾಗ ಕುಂತೈತಿ, ಒಳಗ ಹೋಗಿಲ್ಲ. ಮತ್ತ ಎಲ್ಲಾ ಕಡೆ ಅಂಟಿಕೊಳ್ಳೂ ಸ್ವಭಾವ ಕಾಣಸ್ತೈತಿ. ಇಂಥಾವು ಯಾವ ಗೂಡಿಗೆ ಹೋದ್ರೂ ಮ್ಯಾಲ ಬರ್ತಾವ್ರಿ. ಇದು ಒಳಗ ಹೋಗಿ, ಇಲ್ಲೆರಡು ಕಡೆ ಕೈ ಹಿಡದೈತಿ. ಆದ್ರೂ ಇದೂ ಬರೇ ಅಂದಾಜರಿ. ಕೊಳವ್ಯಾಗ ಹಾಕಿ ನೋಡೂತನಾ ಏನೂ ಹೇಳಾಕ ಬರೂದಿಲ್ಲ."

ಅವರು ಕುರ್ಚಿ ಎಳೆದುಕೊಂಡು ಕಿಟಕಿಯ ಮುಂದೆ ಕೂತರು. ಮುಂದಿನ ಅರ್ಧ ಗಂಟೆ ನಾವು ಯಾರೂ ಇದ್ದಂತೆಯೇ ಅವರಿಗೆ ತೋರಲಿಲ್ಲ. ಅವರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಒಂದು ಕಡೆ ಅವಳು ತಪ್ಪಿದಳು, ಅವರು ತಿದ್ದಿದರು. ಇನ್ನೊಂದು ಕಡೆ ಅವರು ತಪ್ಪಿದರು, ಅವಳು ಹಿಂಜರಿಯುತ್ತ ಹೇಳಿದಳು, ಅವರು ಮೀಸೆ ತೀಡುತ್ತ "ಹೌದಲ್ಲ" ಎಂದರು. ಕೊನೆಗೆ ಹಾಳೆ ಬಿಡಿಸಿ, "ಪ್ರಾಯೋಗಿಕ ಅಂದರೆ ಕೈಕೆಲಸ. ಕೈಗಳು ಲ್ಯಾಬಿನಲ್ಲಿವೆ, ನಾನು ಖುದ್ದು ನೋಡಿದ್ದೇನೆ. ಉಳಿದದ್ದು ಎಲ್ಲಿದೆ ಅನ್ನೋದು ಈ ನಮೂನೆಯಲ್ಲಿ ಕೇಳಿಲ್ಲ," ಎಂದು ಮೊದಲ ಕಲಮಿನಲ್ಲಿ ಗುರುತು ಹಾಕಿದರು. ಪೆನ್ನನ್ನು ಸರಳುಗಳೊಳಗೆ ಚಾಚಿದರು. ಅವಳು ಸಹಿ ಮಾಡಿದಳು. ಹಾಳೆಯ ಮೇಲೆ ಉದುರಿದ ಹಿಟ್ಟನ್ನು ಅವರು ಊದಿದಾಗ ಅದೆಲ್ಲ ಎದ್ದು ಅವರ ಮೀಸೆಗೇ ಕೂತಿತು. ತಡೆದುಕೊಂಡಿದ್ದ ಇಡೀ ಲ್ಯಾಬು ಒಮ್ಮೆಲೇ ನಕ್ಕಿತು. ಅವರಿಗೆ ಸೀನು ಬಂತು, ಸೀನಿನ ಬೆನ್ನಿಗೆ ನಗು.

ಆಗಲೇ ನಮಗೆಲ್ಲ ಸುಟ್ಟ ವಾಸನೆ ಹತ್ತಿದ್ದು. ಮೆಹಜಬೀನ್ ಕೈಗಳನ್ನು ಒಳಗೆಳೆದುಕೊಂಡಳು. "ಭಟ್ಟಿ," ಎಂದು ತಿರುಗಿದಳು. ತಿರುಗಿ, ಅಲ್ಲೇ ನಿಂತಳು. ನಾವು ಅವಳ ಭುಜದ ಮೇಲಿನಿಂದ ಇಣುಕಿದೆವು.

ಖಾಜಾಸಾಬರು ಎದ್ದು ನಿಂತಿದ್ದರು. ಉದ್ದ ಹಲಗೆಯ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು, ಕಂಕುಳಲ್ಲಿ ಒತ್ತಿಕೊಂಡು, ಹೆಂಡತಿಯ ಹೆಗಲಿಗೆ ಮೈಯಾನಿಸಿ, ತಟ್ಟೆಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದರು. ಯುಗಾದಿಯಿಂದ ಇತ್ತ ಅವರು ಮಂಚ ಬಿಟ್ಟು ಆ ನಾಲ್ಕು ಹೆಜ್ಜೆ ನಡೆದಿರಲಿಲ್ಲ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೊನೆಯ ತಟ್ಟೆಯನ್ನು ಕೆಳಗಿಟ್ಟು ಏದುಸಿರು ಬಿಡುತ್ತ ಮಗಳನ್ನು ನೋಡಿದರು.

"ಅರ್ಧ ಸುಟ್ಟಾವಬೇ," ಎಂದರು. "ನಿಂದೇನಾತು?"

ಅವಳು ಓಡಿಹೋಗಿ ಅಪ್ಪನ ಕೈಯಿಂದ ಹಲಗೆ ತೆಗೆದುಕೊಂಡಳು. ಉತ್ತರ ಕೊಟ್ಟವರು ಚಿಕ್ಕರಂಗಯ್ಯನವರು. ಮೀಸೆಯ ಹಿಟ್ಟನ್ನೂ ಒರೆಸಿಕೊಳ್ಳದೆ ಸರಳುಗಳ ನಡುವಿನಿಂದ ತೋಳು ಚಾಚಿ, "ಅದೆಲ್ಲ ಆಮೇಲೆ ಹೇಳ್ತೀನಿ ಸಾಹೇಬರೇ. ಆ ಸುಟ್ಟ ಕಡೆಯದೊಂದು ಇತ್ತ ಕೊಡಿ," ಎಂದರು.